ಖಾಲಿ ಕೊಡ, ಸತ್ತ ಇಲಿ

2023ರ ಸೆಪ್ಟೆಂಬರ್ ಕೊನೆಯ ವಾರ. ಅಡ್ಯಾರಿನ ನಮ್ಮ ಕಚೇರಿಯ ಕ್ಯಾಂಟೀನಿನಲ್ಲಿ ಎಲ್ಲರ ಕಣ್ಣೂ ಟಿ.ವಿ.ಯ ಮೇಲೆ. 26ರಂದು ಬೆಂಗಳೂರು ಬಂದ್. ಅದೇ ದಿನ ತಿರುಚಿರಾಪಳ್ಳಿಯಲ್ಲಿ ರೈತರು ಸತ್ತ ಇಲಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಕಾವೇರಿ ನೀರು ಬೇಡಿದರು. 29ರಂದು ಕರ್ನಾಟಕ ಬಂದ್. ವಾಟಾಳ್ ನಾಗರಾಜರು ಕರಿಯ ಬುರ್ಖಾ ತೊಟ್ಟು ಖಾಲಿ ಕೊಡ ಹಿಡಿದು ಬಂದರು.

"ಏನ್ ಸಾರ್, ನಿಮ್ಮವರು ವೇಷ ಕಟ್ಟಿದ್ದಾರಲ್ಲ!" ಎಂದರು ಪಕ್ಕದ ಮೇಜಿನ ತಮಿಳು ಮಿತ್ರರು. "ನಿಮ್ಮವರು ಇಲಿ ಕಚ್ಚಿದರಲ್ಲ ಸಾರ್" ಎಂದೆವು. ಇಬ್ಬರೂ ನಕ್ಕೆವು. ಆದರೂ ನಮ್ಮ ನಗುವಿನೊಳಗೆ ಒಂದು ಅಳುಕಿತ್ತು. ಅದರ ಕಾರಣ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೈಸೂರು ಅರಸರ ಸಂಸ್ಥಾನ, ಮದರಾಸು ಬ್ರಿಟಿಷರ ಪ್ರಾಂತ. ಅಂದಿನ ಮಟ್ಟಿಗೆ ಇವು ಎರಡು ದೇಶಗಳೇ ಸರಿ. 1892ರ ಒಪ್ಪಂದದ ಪ್ರಕಾರ ಮದರಾಸಿನ ಪೂರ್ವಾನುಮತಿಯಿಲ್ಲದೆ ಮೈಸೂರು ಗೊತ್ತುಪಡಿಸಿದ ನದಿಗಳಿಗೆ ಹೊಸ ಕಟ್ಟೆ ಕಟ್ಟುವಂತಿರಲಿಲ್ಲ. 1924ರ ಒಪ್ಪಂದದಿಂದ ಮೇಲೆ ಕನ್ನಂಬಾಡಿಗೂ ಕೆಳಗೆ ಮೆಟ್ಟೂರಿಗೂ ದಾರಿಯಾಯಿತು. ಒಬ್ಬರ ಕೈಯಲ್ಲಿ ಕಾಗದ, ಇನ್ನೊಬ್ಬರ ಕೈಯಲ್ಲಿ ತೂಬು. ಜಗಳದ ಬೇರು ಇಲ್ಲಿದೆ. 2018ರಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿಗೆ 177.25 ಟಿ.ಎಂ.ಸಿ. ಎಂದು ನಿಗದಿಮಾಡಿತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಲೆಕ್ಕವೇನೋ ಸರಿಯೇ, ಮಳೆ ಆ ಲೆಕ್ಕವನ್ನು ಓದಿಕೊಂಡು ಸುರಿಯಬೇಕಲ್ಲ! 2023ರಲ್ಲಿ ಮುಂಗಾರು ಕೈಕೊಟ್ಟಿತು. ಕೊರತೆಯನ್ನು ಹಂಚಿಕೊಳ್ಳಲು ಇಬ್ಬರೂ ಒಪ್ಪಿದ ಸೂತ್ರವೊಂದಿರಲಿಲ್ಲ.

ಕಾಗದದಲ್ಲಿ ಕಾಣದ ಸಂಕಟವನ್ನು ಬೀದಿಯಲ್ಲಿ ಕಾಣಿಸುವುದು ನಮ್ಮಲ್ಲಿ ಹೊಸತಲ್ಲ. ಹಗಲುವೇಷದವರು ಊರೂರು ತಿರುಗಿದ ನಾಡು ನಮ್ಮದು. ಉತ್ತರ ಕನ್ನಡದಲ್ಲಿ ಸುಗ್ಗಿಯ ಕಾಲಕ್ಕೆ ಹಗರಣದ ವೇಷಗಳು ಲೋಕದ ಡೊಂಕನ್ನು ಬೀದಿಯಲ್ಲೇ ಅಣಕಿಸುತ್ತವೆ. ವಾಟಾಳರು ಕತ್ತೆ, ಎಮ್ಮೆಗಳನ್ನು ಮೆರವಣಿಗೆಗೆ ತಂದದ್ದನ್ನು ನಾವೆಲ್ಲ ಬಲ್ಲೆವು. ಆಚೆಯವರೂ ಕಡಿಮೆಯಿಲ್ಲ. 2017ರಲ್ಲಿ ಅಯ್ಯಾಕಣ್ಣು ಅವರ ನೇತೃತ್ವದ ತಮಿಳುನಾಡಿನ ರೈತರು ದೆಹಲಿಯ ಜಂತರ್ ಮಂತರಿನಲ್ಲಿ ತಲೆಬುರುಡೆಗಳನ್ನಿಟ್ಟುಕೊಂಡು ಕೂತರು. ಅರ್ಧ ತಲೆ ಬೋಳಿಸಿಕೊಂಡರು, ಅಣಕು ಶವಯಾತ್ರೆ ನಡೆಸಿದರು. ಬರಪರಿಹಾರ, ಸಾಲಮನ್ನಾ, ಕಾವೇರಿ ಮಂಡಳಿ ಅವರ ಬೇಡಿಕೆಗಳು. ಇಲಿಯ ಅರ್ಥವೂ ಸರಳ: ಪೈರಿಲ್ಲದಿದ್ದರೆ ತಿನ್ನಲು ಉಳಿಯುವುದು ಇದೇ. ಕೊಡದ ಅರ್ಥವನ್ನು ಹೇಳಲೇಬೇಕಿಲ್ಲ. ಎರಡು ಭಾಷೆಯ ಎರಡು ನಾಟಕ, ಕಥೆ ಮಾತ್ರ ಒಂದೇ.

ವೇಷ ದೊರೆಯನ್ನು ಅಣಕಿಸುವವರೆಗೆ ಚೆನ್ನ; ಅದು ನೆರೆಯವನ ಅಂಗಡಿಯ ಕಡೆ ತಿರುಗಿದ ಗಳಿಗೆಯಲ್ಲಿ ಹಾಸ್ಯ ಸತ್ತುಹೋಗುತ್ತದೆ. 1991ರ ಡಿಸೆಂಬರಿನಲ್ಲಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಪ್ರಕಟವಾದಾಗ ಕರ್ನಾಟಕದ ತಮಿಳರು ಮನೆಮಠ ಬಿಟ್ಟು ಓಡಬೇಕಾಯಿತು. 2016ರ ಸೆಪ್ಟೆಂಬರ್ 12ರ ಬೆಳಗಿನ ಜಾವ ಇದೇ ಚೆನ್ನೈನ ಹಳೆಯ ಉಡುಪಿ ಹೋಟೆಲೊಂದರ ಮೇಲೆ ಪೆಟ್ರೋಲ್ ಬಾಂಬು ಬಿತ್ತು; ಅದೇ ದಿನ ಬೆಂಗಳೂರಿನಲ್ಲಿ ತಮಿಳುನಾಡಿನ ಹತ್ತಾರು ಬಸ್ಸುಗಳು ಉರಿದವು. ಅಂದು ಮಕ್ಕಳಿಗೆ "ಬಸ್ಸಿನಲ್ಲಿ ಕನ್ನಡ ಮಾತಾಡಬೇಡಿ" ಎಂದು ಹೇಳಿ ಕಳುಹಿಸಿದೆವು. ಹಾಗೆ ಹೇಳಿದ್ದಕ್ಕೆ ಇಂದಿಗೂ ನಾಚಿಕೆಯಿದೆ. ಬೆಂಗಳೂರಿನ ತಮಿಳು ತಾಯಂದಿರೂ ಅಂದು ತಮ್ಮ ಮಕ್ಕಳಿಗೆ ಇದನ್ನೇ ಹೇಳಿರಬೇಕು.

2004ರಿಂದ ವೀರಾಣಂ ಕೆರೆಯ ಮೂಲಕ ಕಾವೇರಿಯ ನೀರು ಚೆನ್ನೈಗೂ ಬರುತ್ತಿದೆ. ಕೊಡಗಿನಲ್ಲಿ ಹುಟ್ಟಿದವಳು ನಮ್ಮ ಹಾಗೆಯೇ ಇಲ್ಲಿಗೆ ವಲಸೆ ಬಂದಿದ್ದಾಳೆ. ಯಾರ ಮನೆಯ ನಲ್ಲಿಯಲ್ಲೂ ಮಾತೃಭಾಷೆ ಯಾವುದೆಂದು ಕೇಳುವುದಿಲ್ಲ. ಮತ್ತೊಮ್ಮೆ ಮಳೆ ಕೈಕೊಟ್ಟೀತು. ಕೊಡವೂ ಬಂದೀತು, ಇಲಿಯೂ ಬಂದೀತು. ಆಗ ಪಕ್ಕದ ಮೇಜಿನವರೊಡನೆ ನಗುವ ಸಲಿಗೆಯೊಂದನ್ನು ನಾವು ಉಳಿಸಿಕೊಂಡಿದ್ದರೆ ಸಾಕು.