ಗ್ರಂಥಾಲಯ ಕರ

ಗ್ರಂಥಾಲಯ ಕರ: ಸಾರ್ವಜನಿಕ ಗ್ರಂಥಾಲಯಗಳ ಸ್ಥಾಪನೆ, ಕಟ್ಟಡ, ದುರಸ್ತಿ, ಪುಸ್ತಕ ಖರೀದಿ ಮತ್ತು ನಿರ್ವಹಣೆಗಾಗಿ ಸ್ಥಳೀಯ ಸಂಸ್ಥೆಗಳು ವಸೂಲು ಮಾಡುವ ಉಪಕರ. ಸ್ವತಂತ್ರ ಭಾರತದಲ್ಲಿ ಇದಕ್ಕೆ ದಾರಿ ತೋರಿದ್ದು 1948ರ ಮದರಾಸು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ. ಅದರ ಹಿಂದಿನ ಪ್ರೇರಕ ಶಕ್ತಿ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್.

ಕರ್ನಾಟಕದಲ್ಲಿ ಈ ಕರಕ್ಕೆ ಆಧಾರ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ. ಕರವು ಮುಖ್ಯವಾಗಿ ಭೂಮಿ ಮತ್ತು ಕಟ್ಟಡಗಳ ಆಸ್ತಿ ತೆರಿಗೆಯ ಮೇಲೆ ಬೀಳುತ್ತದೆ. ಈಗಿನ ದರ ತೆರಿಗೆಯ ಶೇ. 6; ಅಂದರೆ 1,000 ರೂಪಾಯಿ ಆಸ್ತಿ ತೆರಿಗೆ ಕಟ್ಟುವವರು 60 ರೂಪಾಯಿ ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ. ನಗರಪಾಲಿಕೆ, ಪುರಸಭೆ, ಗ್ರಾಮ ಪಂಚಾಯಿತಿಗಳು ಇದನ್ನು ತೆರಿಗೆಯ ಜೊತೆಯಲ್ಲೇ ಸಂಗ್ರಹಿಸಿ ಗ್ರಂಥಾಲಯಗಳ ಬಾಬಿಗೆ ವರ್ಗಾಯಿಸಬೇಕು.

ಕರದ ಗುಣವೆಂದರೆ ಅದು ಬಜೆಟ್ಟಿನ ಏರಿಳಿತಕ್ಕೆ ಸಿಕ್ಕದ ಮೀಸಲು ಆದಾಯ. ಮಿತಿಯೂ ಅಲ್ಲೇ ಇದೆ: ಸಂಗ್ರಹಿಸುವವರು ಒಬ್ಬರು, ಖರ್ಚು ಮಾಡುವವರು ಇನ್ನೊಬ್ಬರು ಆದಾಗ ವರ್ಗಾವಣೆ ತಡವಾಗಿ ಬಾಕಿ ಬೆಳೆಯುತ್ತದೆ. ಆಸ್ತಿ ಮೌಲ್ಯ ಕಡಿಮೆಯಿರುವ ಊರುಗಳಲ್ಲಿ ಕರವೂ ಕಡಿಮೆ. ಅಲ್ಲಿ ಸರ್ಕಾರದ ಅನುದಾನವೇ ಆಸರೆ.

ಕೇಂದ್ರದ ನೆರವು 1972ರಲ್ಲಿ ಕೋಲ್ಕತ್ತದಲ್ಲಿ ಆರಂಭವಾದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ಮೂಲಕ ಬರುತ್ತದೆ. ಪುಸ್ತಕಗಳಲ್ಲದೆ ಕಟ್ಟಡ ನಿರ್ಮಾಣ, ವಿಸ್ತರಣೆಗೂ ಅದು ಹಣ ಕೊಡುತ್ತದೆ. ಕೆಲವು ಯೋಜನೆಗಳಲ್ಲಿ ರಾಜ್ಯವೂ ತನ್ನ ಪಾಲು ಹಾಕಬೇಕು. ಆಡಳಿತದ ಹೊಣೆಯೂ ಬದಲಾಗಿದೆ: 2019ರಲ್ಲಿ ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಅವುಗಳ ಈಗಿನ ಹೆಸರು 'ಅರಿವು ಕೇಂದ್ರ'.