ಹಳೆಯ ಪೆಟ್ರೋಲ್ ಕಾರುಗಳಲ್ಲಿ ಇಂಧನ ಮಿಶ್ರಣ ದೋಷ

ಪೆಟ್ರೋಲ್ ಎಂಜಿನ್ನಿನೊಳಗೆ ಸೇರುವ ಗಾಳಿ ಮತ್ತು ಪೆಟ್ರೋಲ್‌ಗಳ ಪ್ರಮಾಣ ತಪ್ಪುವುದನ್ನು ಇಂಧನ ಮಿಶ್ರಣ ದೋಷ ಎನ್ನುತ್ತಾರೆ. ಒಂದು ಕಿಲೋಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಪೆಟ್ರೋಲ್ ಹೆಚ್ಚಾದ ಮಿಶ್ರಣವನ್ನು ಮೆಕ್ಯಾನಿಕ್‌ಗಳು 'ರಿಚ್' ಎಂದೂ ಗಾಳಿ ಹೆಚ್ಚಾದುದನ್ನು 'ಲೀನ್' ಎಂದೂ ಕರೆಯುತ್ತಾರೆ. ಮಾರುತಿ 800ರ ಮೊದಲ ಮಾದರಿಗಳು, ಪ್ರೀಮಿಯರ್ ಪದ್ಮಿನಿ, ಹಳೆಯ ಅಂಬಾಸಿಡರ್ ಮುಂತಾದ ಕಾರುಗಳಲ್ಲಿ ಈ ಪ್ರಮಾಣವನ್ನು ನಿರ್ಧರಿಸುವುದು ಕಾರ್ಬ್ಯುರೇಟರ್. ಅದಕ್ಕೆ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಶಕ್ತಿಯಿಲ್ಲ. ಸವೆತ, ಧೂಳು, ಹವೆ, ಇಂಧನದ ಗುಣ ಇವೆಲ್ಲವೂ ಮಿಶ್ರಣವನ್ನು ಬದಲಿಸುತ್ತವೆ.

ಬೆಂಗಳೂರಿನ ಎತ್ತರ ಮತ್ತು ಎಥನಾಲ್

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇಕಡ 9ರಷ್ಟು ಕಡಿಮೆ. ಆದ್ದರಿಂದ ಮಂಗಳೂರಿನಲ್ಲಿ ಸರಿಯಾಗಿ ಹೊಂದಿಸಿದ ಕಾರ್ಬ್ಯುರೇಟರ್, ಘಟ್ಟ ಹತ್ತಿ ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯಕ್ಕೆ ಬರುವ ಹೊತ್ತಿಗೆ ಶೇಕಡ 4–5ರಷ್ಟು ರಿಚ್ ಆಗಿರುತ್ತದೆ. ಯಾರೂ ಅದನ್ನು ಮುಟ್ಟಿರಬೇಕಾಗಿಲ್ಲ.

ಎಥನಾಲ್ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಎಥನಾಲ್‌ನ ಅಣುವಿನಲ್ಲಿಯೇ ಆಮ್ಲಜನಕವಿರುವುದರಿಂದ ಅದಕ್ಕೆ ಬೇಕಾಗುವ ಗಾಳಿ ಕಡಿಮೆ. ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್‌ಗೆ ಆದರ್ಶ ಪ್ರಮಾಣ ಸುಮಾರು 13.5ಕ್ಕೆ ಇಳಿಯುತ್ತದೆ. ಶುದ್ಧ ಪೆಟ್ರೋಲ್‌ಗೆ ಹೊಂದಿಸಿದ ಹಳೆಯ ಜೆಟ್‌ಗಳಲ್ಲಿ ಈ ಇಂಧನ ಹರಿದರೆ ಮಿಶ್ರಣ ಲೀನ್ ಆಗುತ್ತದೆ. ಈ ಇಂಧನವನ್ನು 2023ರ ಫೆಬ್ರವರಿ 6ರಂದು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಿಯೇ. ಎತ್ತರ ಮತ್ತು ಎಥನಾಲ್ ಒಂದನ್ನೊಂದು ಸ್ವಲ್ಪಮಟ್ಟಿಗೆ ಸರಿದೂಗಿಸುತ್ತವೆ ಎಂಬುದು ಲೆಕ್ಕದಲ್ಲಿ ನಿಜ. ಆದರೆ ಎಥನಾಲ್ ಹಳೆಯ ರಬ್ಬರ್ ಕೊಳವೆಗಳನ್ನು ಕೆಡಿಸುತ್ತದೆ, ಟ್ಯಾಂಕಿನ ತಳದ ಕಸವನ್ನು ಕರಗಿಸಿ ಜೆಟ್‌ಗಳಿಗೆ ತಂದು ತುಂಬುತ್ತದೆ, ನೀರಿನ ತೇವವನ್ನೂ ಹೀರುತ್ತದೆ. ಈ ತೊಂದರೆಗಳನ್ನು ಎತ್ತರ ಸರಿದೂಗಿಸಲಾರದು.

ಕಾನೂನಿನ ಮಿತಿಗಳು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 115ನೆಯ ನಿಯಮದಂತೆ, ಭಾರತ್ ಸ್ಟೇಜ್–2ಕ್ಕಿಂತ ಹಿಂದಿನ ಮಾನದಂಡದಲ್ಲಿ ತಯಾರಾದ ಪೆಟ್ರೋಲ್ ಕಾರು ನಿಂತಲ್ಲಿ ಓಡುವಾಗ, ಅದರ ಹೊಗೆಯಲ್ಲಿ ಇಂಗಾಲದ ಮೋನಾಕ್ಸೈಡ್ ಶೇಕಡ 3ನ್ನೂ ಹೈಡ್ರೋಕಾರ್ಬನ್ ದಶಲಕ್ಷಕ್ಕೆ 1500 ಭಾಗವನ್ನೂ ಮೀರಬಾರದು. ಸ್ಟೇಜ್–2 ಮತ್ತು 3ರ ಕಾರುಗಳಿಗೆ ಈ ಮಿತಿ ಶೇಕಡ 0.5 ಮತ್ತು 750. ಬೆಂಗಳೂರಿನಲ್ಲಿ ಸ್ಟೇಜ್–2 ಜಾರಿಗೆ ಬಂದದ್ದು 2003ರಲ್ಲಿ, ಸ್ಟೇಜ್–3 ಬಂದದ್ದು 2005ರಲ್ಲಿ. ಇಂತಹ ಹಳೆಯ ಕಾರುಗಳ ಪ್ರಮಾಣಪತ್ರಕ್ಕೆ ಆರು ತಿಂಗಳ ಅವಧಿ.

ಜನ ಇದನ್ನು 'ಹೊಗೆ ಪರೀಕ್ಷೆ' ಎನ್ನುವುದುಂಟು. ಹೆಸರು ಸ್ವಲ್ಪ ದಾರಿ ತಪ್ಪಿಸುವಂಥದು: ಇಲ್ಲಿ ಅಳೆಯುವ ಮುಖ್ಯ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಅಂಕಿಗಳಿಂದ ದೋಷ ಪತ್ತೆ

ಪ್ರಮಾಣಪತ್ರದಲ್ಲಿ ಎರಡು ಅಂಕಿಗಳಿರುತ್ತವೆ. ಅವುಗಳನ್ನು ಜೊತೆಯಾಗಿ ಓದಿದರೆ ಮಾತ್ರ ದೋಷದ ನೆಲೆ ತಿಳಿಯುತ್ತದೆ.

ಮೋನಾಕ್ಸೈಡ್ ಹೆಚ್ಚಾಗಿ ಹೈಡ್ರೋಕಾರ್ಬನ್ ಮಿತಿಯೊಳಗಿದ್ದರೆ ಮಿಶ್ರಣ ರಿಚ್ ಆಗಿದೆ. ಧೂಳು ಕಟ್ಟಿದ ಏರ್ ಫಿಲ್ಟರ್, ಪೂರ್ತಿ ತೆರೆಯದ ಚೋಕ್, ಎತ್ತರ ತಪ್ಪಿದ ಫ್ಲೋಟ್, ಸೋರುವ ನೀಡಲ್ ವಾಲ್ವ್ ಇವು ಸಾಮಾನ್ಯ ಕಾರಣಗಳು. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ಅದರ ತುದಿಯಲ್ಲಿ ಒಣ ಕಪ್ಪು ಮಸಿ ಕಾಣುತ್ತದೆ. ಸರಿಯಾದ ಮಿಶ್ರಣದಲ್ಲಿ ಅದು ತಿಳಿ ಕಂದು ಬಣ್ಣದ್ದಾಗಿರುತ್ತದೆ.

ಮೋನಾಕ್ಸೈಡ್ ತೀರ ಕಡಿಮೆಯಿದ್ದು ಹೈಡ್ರೋಕಾರ್ಬನ್ ಏರಿದ್ದರೆ ಮಿಶ್ರಣ ಲೀನ್ ಆಗಿ ಕಿಡಿ ಹತ್ತದೆ ತಪ್ಪುತ್ತಿರುತ್ತದೆ. ಇಂಧನ ಉರಿಯದೆ ಹಾಗೆಯೇ ಹೊರಬೀಳುತ್ತದೆ. ಬಿರುಕು ಬಿಟ್ಟ ವ್ಯಾಕ್ಯೂಮ್ ಕೊಳವೆ ಅಥವಾ ಕಾರ್ಬ್ಯುರೇಟರ್ ಬುಡದ ಗ್ಯಾಸ್ಕೆಟ್‌ನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುವುದು ಇದರ ಮೂಲ. ಬುಡದ ತಟ್ಟೆ ಬಾಗಿದ್ದರೆ ಹೊಸ ಗ್ಯಾಸ್ಕೆಟ್ ಹಾಕಿಯೂ ಪ್ರಯೋಜನವಿಲ್ಲ; ತಟ್ಟೆಯನ್ನೇ ಸಮ ಮಾಡಿಸಬೇಕು. ಕಾಮಾಕ್ಷಿಪಾಳ್ಯದಂತಹ ಸಣ್ಣ ಕೈಗಾರಿಕೆಗಳ ಪ್ರದೇಶದಲ್ಲಿ ಇಂತಹ ಕೆಲಸಕ್ಕೆ ದೂರ ಹೋಗಬೇಕಾಗಿಲ್ಲ.

ಮೋನಾಕ್ಸೈಡ್ ಸರಿಯಾಗಿದ್ದು ಹೈಡ್ರೋಕಾರ್ಬನ್ ಮಾತ್ರ ಹೆಚ್ಚಿದ್ದರೆ ಕಾರ್ಬ್ಯುರೇಟರನ್ನು ದೂರುವ ಮೊದಲು ಪ್ಲಗ್, ತಂತಿ, ಇಗ್ನಿಷನ್ ಟೈಮಿಂಗ್, ಸಿಲಿಂಡರಿನ ಒತ್ತಡ ಇವನ್ನು ಪರೀಕ್ಷಿಸಬೇಕು. ಜೊತೆಗೆ ನೀಲಿ ಹೊಗೆಯೂ ಬರುತ್ತಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಅದು ಟ್ಯೂನಿಂಗ್‌ನಿಂದ ಹೋಗುವ ದೋಷವಲ್ಲ.

ಎರಡೂ ಅಂಕಿಗಳು ಅನುಮಾನ ಹುಟ್ಟಿಸುವಷ್ಟು ಕಡಿಮೆಯಿದ್ದರೆ ಸೈಲೆನ್ಸರ್ ತೂತಾಗಿರಬಹುದು. ಹೊರಗಿನ ಗಾಳಿ ಬೆರೆತು ಹೊಗೆ ತೆಳುವಾಗಿರುತ್ತದೆ; ಆಮ್ಲಜನಕವನ್ನೂ ಅಳೆಯುವ ನಾಲ್ಕು ಅನಿಲಗಳ ಯಂತ್ರದಲ್ಲಿ ಇದು ಬಯಲಾಗುತ್ತದೆ.

ಮಿಶ್ರಣದ ತಿರುಪು

ಪರೀಕ್ಷೆಗೆ ಮುಂಚೆ ತಿರುಪನ್ನು ಬಿಗಿಮಾಡಿ ಮೋನಾಕ್ಸೈಡ್ ಇಳಿಸುವ ರೂಢಿಯಿದೆ. ಪ್ರಮಾಣಪತ್ರ ಸಿಗುತ್ತದೆ, ದೋಷ ಉಳಿಯುತ್ತದೆ. ಈ ತಿರುಪು ಮುಖ್ಯವಾಗಿ ನಿಂತಲ್ಲಿ ಓಡುವ ಎಂಜಿನ್ನಿನ ಮಿಶ್ರಣವನ್ನಷ್ಟೇ ಬದಲಿಸುತ್ತದೆ. ರಸ್ತೆಯಲ್ಲಿ ಇಂಧನ ಕೊಡುವುದು ಮುಖ್ಯ ಜೆಟ್. ಅತಿಯಾಗಿ ಬಿಗಿದರೆ ಸಿಗ್ನಲ್‌ನಲ್ಲಿ ಎಂಜಿನ್ ನಿಂತುಹೋಗುತ್ತದೆ. ಸರಿಯಾದ ಕ್ರಮವೆಂದರೆ ಫಿಲ್ಟರ್, ಚೋಕ್, ಗಾಳಿ ಸೋರಿಕೆ, ಪ್ಲಗ್, ಟೈಮಿಂಗ್ ಎಲ್ಲವನ್ನೂ ಸರಿಪಡಿಸಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಕೊನೆಯಲ್ಲಿ ತಿರುಪಿಗೆ ಕೈಹಾಕುವುದು. ಈ ಕೆಲಸವನ್ನು ಮುಚ್ಚಿದ ಶೆಡ್ಡಿನಲ್ಲಿ ಎಂದೂ ಮಾಡಬಾರದು. ಮೋನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ ಬಂದ ಕೂಡಲೇ ಬಯಲಿಗೆ ಬರಬೇಕು.

ಇಂಜೆಕ್ಷನ್ ಕಾರುಗಳು

2000ದ ನಂತರದ ಬಹುತೇಕ ಕಾರುಗಳಲ್ಲಿ ಆಮ್ಲಜನಕ ಸಂವೇದಕದ ನೆರವಿನಿಂದ ಗಣಕವೇ ಮಿಶ್ರಣವನ್ನು ತಿದ್ದುತ್ತದೆ. ಇವುಗಳಲ್ಲಿ ಕೆಟ್ಟ ಸಂವೇದಕ, ಸೋರುವ ಇಂಜೆಕ್ಟರ್, ಎಂಜಿನ್ ತಣ್ಣಗಿದೆಯೆಂದು ಸದಾ ತಪ್ಪು ಸೂಚನೆ ಕೊಡುವ ತಾಪ ಸಂವೇದಕ ರಿಚ್ ಮಿಶ್ರಣಕ್ಕೆ ಕಾರಣಗಳು. ಉರಿಯದ ಇಂಧನ ಕೆಟಲಿಟಿಕ್ ಕನ್ವರ್ಟರ್‌ನೊಳಗೆ ಉರಿದು ಅದನ್ನು ಕರಗಿಸಿಬಿಡಬಲ್ಲದು. ಮೂಲ ದೋಷವನ್ನು ಬಿಟ್ಟು ಕನ್ವರ್ಟರ್ ಮಾತ್ರ ಬದಲಿಸಿದರೆ ಹೊಸದೂ ಅದೇ ರೀತಿಯಲ್ಲಿ ಕೆಡುತ್ತದೆ.