ಬೆಳಗೊಳದ ಬಂಡೆಗಳಲ್ಲಿ ಕಾವ್ಯಪರೀಕ್ಷೆ

ಕನ್ನಡ ಕಾವ್ಯಮೀಮಾಂಸೆಯ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ, ಎಂದರೆ ಕ್ರಿ.ಶ. 850ರ ಸುಮಾರಿನ ಕವಿರಾಜಮಾರ್ಗದಲ್ಲಿ, ಮೊದಲುಮಾಡಿ, ನಾಗವರ್ಮನ ಕಾವ್ಯಾವಲೋಕನವನ್ನು ಹಾದು, ತೀ. ನಂ. ಶ್ರೀಕಂಠಯ್ಯನವರು 1953ರಲ್ಲಿ ಪ್ರಕಟಿಸಿದ ಭಾರತೀಯ ಕಾವ್ಯಮೀಮಾಂಸೆಯವರೆಗೆ ಬಂದು ವಿಶ್ರಮಿಸುತ್ತಾರೆ. ಲಕ್ಷಣಗ್ರಂಥಗಳ ಚರಿತ್ರೆಯೆಂದು ನೋಡಿದರೆ ಈ ಕ್ರಮದಲ್ಲಿ ದೋಷವೇನೂ ಇಲ್ಲ. ಆದರೆ ಲಕ್ಷಣಕಾರನು ಲೇಖನಿ ಹಿಡಿಯುವುದಕ್ಕೆ ಬಹು ಮೊದಲೇ ಲಕ್ಷ್ಯವು ಹುಟ್ಟಿರುತ್ತದೆ; ಅದನ್ನು ಕಂಡು ಮೆಚ್ಚಿದವನ ಮೆಚ್ಚಿಗೆಯಲ್ಲಿಯೇ, ಅವನಿಗೆ ತಿಳಿದೋ ತಿಳಿಯದೆಯೋ, ವಿಮರ್ಶೆಯ ಮೊಳಕೆಯೂ ಅಡಗಿರುತ್ತದೆ. ಆ ಮೊಳಕೆಯನ್ನು ಕಾಣಬಯಸುವವನು ಪುಸ್ತಕಭಂಡಾರವನ್ನು ಬಿಟ್ಟು, ಚನ್ನರಾಯಪಟ್ಟಣದಿಂದ ಎಂಟು ಮೈಲಿ ದೂರದ ಶ್ರವಣಬೆಳಗೊಳಕ್ಕೆ ಬರಬೇಕು.

ಚನ್ನರಾಯಪಟ್ಟಣವೇನೋ ಆ ಹೆಸರಿನಿಂದ ಬಹಳ ಪ್ರಾಚೀನವಾದ ಊರಲ್ಲ. ಅದು ಮೊದಲು ಕೊಳತೂರೆಂಬ ಅಗ್ರಹಾರವಾಗಿದ್ದು, 1600ರ ಸುಮಾರಿಗೆ ಹೊಳೆನರಸೀಪುರದ ಪಾಳೆಯಗಾರರ ವಶವಾಗಿ, ಚನ್ನರಾಯಸ್ವಾಮಿಯ ಗುಡಿಯಿಂದ ಇಂದಿನ ಹೆಸರನ್ನು ಪಡೆಯಿತು. ಆದರೆ ಆ ತಾಲ್ಲೂಕಿಗೆ ಸೇರಿದ ಎರಡು ಬೆಟ್ಟಗಳ ಬಂಡೆಗಳು ಸಾವಿರದ ಮುನ್ನೂರು ವರ್ಷಗಳಿಂದ ಅಕ್ಷರಗಳನ್ನು ಹೊತ್ತು ನಿಂತಿವೆ. ಬಿ. ಎಲ್. ರೈಸ್ ಅವರು 1889ರಲ್ಲಿ ಇಲ್ಲಿಯ 144 ಶಾಸನಗಳನ್ನು ಅಚ್ಚುಮಾಡಿಸಿದರು, ಆರ್. ನರಸಿಂಹಾಚಾರ್ಯರು 1923ರಲ್ಲಿ ಅದೇ ಸಂಪುಟವನ್ನು ಪರಿಷ್ಕರಿಸಿದಾಗ ಆ ಸಂಖ್ಯೆ 500ಕ್ಕೆ ಏರಿತು. ಚರಿತ್ರಕಾರರು ಇವುಗಳಲ್ಲಿ ಅರಸರ ವಂಶಾವಳಿಯನ್ನೂ ಗುರುಪರಂಪರೆಯನ್ನೂ ಹುಡುಕಿ ತೃಪ್ತರಾದರು. ಕಾವ್ಯಾಭ್ಯಾಸಿಗೆ ಅವುಗಳಿಂದ ದೊರೆಯಬಹುದಾದದ್ದು ಅದಕ್ಕಿಂತ ಕಡಿಮೆಯದಲ್ಲ.

ಚಿಕ್ಕಬೆಟ್ಟದ ಬಂಡೆಯ ಮೇಲಿರುವ ನಂದಿಸೇನಮುನಿಯ ನಿಸಿದಿಶಾಸನವನ್ನೇ ಮೊದಲು ತೆಗೆದುಕೊಳ್ಳೋಣ. ಕ್ರಿ.ಶ. 700ರ ಸುಮಾರಿನ ಈ ಬರೆಹವು ಒಂದೇ ಒಂದು ಪದ್ಯ. ಮಹಾಸ್ರಗ್ಧರೆಯ ನಾಲ್ಕು ಪಾದಗಳು. ರೂಪ, ವಿಲಾಸ, ಧನ, ವೈಭವಗಳು ಮಳೆಬಿಲ್ಲಿನ ಹಾಗೆ, ಮಿಂಚಿನ ಬಳ್ಳಿಯ ಹಾಗೆ, ಮಂಜಿನ ಹಾಗೆ ಕಾಣಿಸಿಕೊಂಡು ಬೇಗನೆ ಕಳೆದುಹೋಗುವುವೆಂದು ಬಗೆದ ಮುನಿಯು ಸಂನ್ಯಸನದಿಂದ ದೇವಲೋಕಕ್ಕೆ ಸಂದನೆಂಬುದು ಅದರ ತಾತ್ಪರ್ಯ. ಅಲಂಕಾರಶಾಸ್ತ್ರದ ಮೊದಲ ಪಾಠವನ್ನು ಕಲಿಯುವ ವಿದ್ಯಾರ್ಥಿಗೆ ಉಪಮೆಯ ನಾಲ್ಕು ಅಂಗಗಳನ್ನು ಹೇಳಿಕೊಡುವುದು ವಾಡಿಕೆ. ಆ ನಾಲ್ಕೂ ಇಲ್ಲಿ ಕೈಗೆ ಸಿಗುವಂತಿವೆ: ಐಶ್ವರ್ಯವು ಉಪಮೇಯ, ಮಳೆಬಿಲ್ಲು ಮೊದಲಾದುವು ಉಪಮಾನ, 'ವೋಲ್' ಎಂಬುದು ವಾಚಕ, ತೋರಿ ಮರೆಯಾಗುವುದೇ ಸಮಾನಧರ್ಮ. ಅಂಗಗಳೆಲ್ಲ ತುಂಬಿರುವುದರಿಂದ ಇದು ಪೂರ್ಣೋಪಮೆ. ಒಂದು ಉಪಮೇಯಕ್ಕೆ ಮೂರು ಉಪಮಾನಗಳು ಬಂದಿರುವುದರಿಂದ ಮಾಲೋಪಮೆ.

ಇಷ್ಟು ಹೇಳಿದರೆ ಹೆಸರಿಟ್ಟಂತಾಯಿತೇ ಹೊರತು ವಿಮರ್ಶಿಸಿದಂತಾಗಲಿಲ್ಲ. ಮೂರು ಉಪಮಾನಗಳ ಸರಣಿಯನ್ನು ನೋಡಬೇಕು: ಮೊದಲೆರಡು ಆಕಾಶದವು, ಕೈಗೆಟುಕದವು, ಮೂರನೆಯದು ನೆಲಕ್ಕಿಳಿದು ಪ್ರತಿದಿನ ಬೆಳಗ್ಗೆ ನಮ್ಮ ಹೊಲದ ಹುಲ್ಲಿನ ಮೇಲೆ ಕಾಣುವಂಥದು. ಅನಿತ್ಯತೆಯ ಮಾತು ಹೀಗೆ ದೂರದಿಂದ ಹತ್ತಿರಕ್ಕೆ ಬರುತ್ತ ಬರುತ್ತ, ಮೂರನೆಯ ಪಾದದಲ್ಲಿ ಥಟ್ಟನೆ ಮುನಿಯ ಸ್ವಂತ ಕಂಠವಾಗಿ, ಈ ಧರಣಿಯ ಇರವನ್ನು ತಾನು ಮೆಚ್ಚೆನೆಂಬ ಉತ್ತಮಪುರುಷದ ನಿರ್ಧಾರವಾಗಿ ಹೊರಹೊಮ್ಮುತ್ತದೆ. ಛಂದಸ್ಸಿನ ಕೆಲಸವೂ ಸಾಧಾರಣವಾದುದಲ್ಲ. ನಾಲ್ಕು ಪಾದಗಳಲ್ಲಿಯೂ ಎರಡನೆಯ ಅಕ್ಷರವು ರೇಫವೇ ಆಗಿ ಆದಿಪ್ರಾಸವು ನಿಯತವಾಗಿ ನಡೆದಿದೆ. ಮೂರನೆಯ ಪಾದದ ಕೊನೆಯಲ್ಲಿ ಸಂನ್ಯಸನವನ್ನು ಕೈಕೊಂಡನೆಂಬ ಕ್ರಿಯಾಪದವು ನಡುವೆ ತುಂಡಾಗಿ ನಾಲ್ಕನೆಯ ಪಾದಕ್ಕೆ ಹರಿದಿದೆ. ಇಹದ ಗಡಿಯನ್ನು ದಾಟುವ ಮಾತು ಪಾದದ ಗಡಿಯನ್ನೂ ದಾಟಿತೆಂದು ನಾನು ಹೇಳಿದರೆ ಅತಿವ್ಯಾಖ್ಯಾನವೆನಿಸೀತು. ಪ್ರಾಸಕ್ಕೆ ಬೇಕಾದ ರೇಫಕ್ಕಾಗಿಯೇ ಕವಿ ಹಾಗೆ ಮಾಡಿದ್ದಾನೆಂಬುದು ಹೆಚ್ಚು ಸಂಭವನೀಯ. ಆದರೂ ಓದುವವನ ಕಿವಿಗೆ ಆ ದಾಟು ಕೇಳಿಸದೆ ಇರದು. ಕನ್ನಡ ಕವಿಗಳು ಖಂಡಪ್ರಾಸವನ್ನು ಅತಿಶಯವೆಂದು ಬಗೆದು ಯತಿಯನ್ನು ಮೀರುತ್ತಾರೆಂದು ಕವಿರಾಜಮಾರ್ಗಕಾರನು ಒಂದೂವರೆ ಶತಮಾನದ ತರುವಾಯ ಬರೆದಾಗ, ಪ್ರಾಸದ ಮೇಲಣ ಇಂಥ ಹಳೆಯ ಮೋಹವೇ ಅವನ ಕಣ್ಣೆದುರಿಗಿದ್ದಿರಬೇಕು.

ಇದೇ ಚಿಕ್ಕಬೆಟ್ಟದ ಬಂಡೆಯ ಮೇಲೆ 'ಕವಿರತ್ನ' ಎಂಬ ಅಕ್ಷರಗಳಿವೆ. ಚಾವುಂಡರಾಯನ ಆಶ್ರಯದಲ್ಲಿ ಬೆಳೆದ ರನ್ನನ ಗುರುತೇ ಅದೆಂದು ವಿದ್ವಾಂಸರು ನಂಬಿದ್ದಾರೆ. ತನ್ನ ಕೃತಿರತ್ನವನ್ನು ಪರೀಕ್ಷಿಸಹೊರಡುವವನಿಗೆ ಸಾಧಾರಣ ಎದೆಗಾರಿಕೆ ಸಾಲದೆಂದು 993ರ ಅಜಿತಪುರಾಣದಲ್ಲಿ ವಿಮರ್ಶಕರಿಗೆ ಸವಾಲೆಸೆದವನು ಇವನೇ. ವಿಮರ್ಶಕನಿಗೆ ಕವಿ ಹೆದರದಿದ್ದರೂ, ಅಂಥವನೊಬ್ಬನು ಇದ್ದಾನೆಂಬ ಅರಿವು ಮಾತ್ರ ಆ ಕಾಲಕ್ಕೆ ಇತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಪಾರ್ಶ್ವನಾಥ ಬಸದಿಯಲ್ಲಿರುವ 1129ರ ಮಲ್ಲಿಷೇಣಪ್ರಶಸ್ತಿಯದು ಇನ್ನೊಂದು ಬಗೆ. ಸಂಸ್ಕೃತಶ್ಲೋಕಗಳಲ್ಲಿ ಹೆಣೆದ ಈ ದೀರ್ಘ ಬರೆಹದಲ್ಲಿ ಸಮಂತಭದ್ರ, ಅಕಲಂಕ, ವಾದಿರಾಜ ಮೊದಲಾದ ಆಚಾರ್ಯರ ವಾದವಿಜಯಗಳ ವರ್ಣನೆಯ ನಡುವೆ, 'ಚೂಡಾಮಣಿ' ಎಂಬ ಕಾವ್ಯವನ್ನು ರಚಿಸಿದ ಶ್ರೀವರ್ಧದೇವನ ಸ್ತುತಿ ಬರುತ್ತದೆ. ಅವನನ್ನು ಹೊಗಳಿದವನು ದಂಡಿಯೆಂದು ಶಾಸನವೇ ಹೇಳುತ್ತದೆ: ಶಿವನು ಗಂಗೆಯನ್ನು ಜಟೆಯ ತುದಿಯಲ್ಲಿ ಧರಿಸಿದಂತೆ ಶ್ರೀವರ್ಧದೇವನು ಸರಸ್ವತಿಯನ್ನು ನಾಲಗೆಯ ತುದಿಯಲ್ಲಿ ಧರಿಸಿದನೆಂಬುದು ಅದರ ಭಾವ. ಆ ಮಾತು ನಿಜವಾಗಿಯೂ ದಂಡಿಯ ಬಾಯಿಂದ ಬಂದುದೇ ಎಂಬ ವಾದಕ್ಕಿಂತ, ಕವಿರಾಜಮಾರ್ಗಕ್ಕೆ ಆಧಾರವಾದ ಕಾವ್ಯಾದರ್ಶವನ್ನು ಬರೆದವನ ಹೆಸರು, ಒಬ್ಬ ಕವಿಗೆ ಮನ್ನಣೆ ಸಲ್ಲಿಸಬೇಕಾದಾಗ, ಈ ಬೆಟ್ಟದ ಮೇಲೆ ಪ್ರಮಾಣವೆಂದು ಉದ್ಧೃತವಾಯಿತೆಂಬ ಸಂಗತಿಯೇ ನನಗೆ ಮುಖ್ಯವಾಗಿ ಕಾಣುತ್ತದೆ. ರಾಜನ ಮೆಚ್ಚಿಗೆ ಸಾಲದು, ಲಾಕ್ಷಣಿಕನ ಮೆಚ್ಚಿಗೆಯೂ ಬೇಕು ಎಂಬ ಮನೋಧರ್ಮ ಅದು. ಆದರೆ ಆ ಹೊಗಳಿಕೆಯಿಂದ ಚೂಡಾಮಣಿ ಎಂಥ ಕಾವ್ಯವೆಂದು ಯಾರಿಗೂ ತಿಳಿಯದು. ಕವಿಯನ್ನು ಏರಿಸಿ ಕೃತಿಯನ್ನು ಮರೆಯುವುದು ಪ್ರಶಸ್ತಿಯ ದೊಡ್ಡ ದೌರ್ಬಲ್ಯ. ನಮ್ಮ ಇಂದಿನ ಪುಸ್ತಕಬಿಡುಗಡೆಯ ಭಾಷಣಗಳಿಗೂ ಆ ಆನುವಂಶಿಕ ರೋಗ ತಗುಲಿಕೊಂಡಿದೆ.

ಈ ದೌರ್ಬಲ್ಯವನ್ನು ಮೀರಿದವನು ಬೊಪ್ಪಣಪಂಡಿತ. 'ಸುಜನೋತ್ತಂಸ'ನೆಂದು ಬಿರುದಾಂಕಿತನಾದ ಇವನ ಗೊಮ್ಮಟಸ್ತುತಿ, 1180ರ ಸುಮಾರಿನದು, ದೊಡ್ಡಬೆಟ್ಟದ ಮೇಲೆ ಗೊಮ್ಮಟನ ಪ್ರಾಕಾರದ್ವಾರದ ಬಳಿ ಇದೆ. ಸ್ತುತಿಯ ವಸ್ತು ಕಾವ್ಯವಲ್ಲ, ಶಿಲ್ಪ. ಆದರೆ ಅದರಲ್ಲಿರುವ ವಿಚಾರಕ್ರಮವು ಯಾವ ಕಲೆಗೂ ಸಲ್ಲುವಂಥದು. ಆಕೃತಿಯು ಅತ್ಯಂತ ಉನ್ನತವಾದರೆ ಅದರಲ್ಲಿ ಸೌಂದರ್ಯವಿರದು. ಔನ್ನತ್ಯವೂ ಸೌಂದರ್ಯವೂ ಕೂಡಿದರೂ ಅತಿಶಯವಿರದು. ಈ ಮೂರೂ ಕೂಡಿ ನೆಲೆಸಿರುವುದು ಇಲ್ಲಿಯೇ ಎಂದು ಅವನು ವಾದಿಸುತ್ತಾನೆ. ಅವನ ನಡೆಯನ್ನು ಗಮನಿಸಿ. ಮೊದಲು ಅಳೆಯತಕ್ಕ ಗುಣಗಳನ್ನು ಹೆಸರಿಸುತ್ತಾನೆ. ಆ ಗುಣಗಳು ಒಂದಕ್ಕೊಂದು ವಿರೋಧಿಗಳೆಂಬ ಲೋಕಾನುಭವವನ್ನು ಮುಂದಿಡುತ್ತಾನೆ. ಅನಂತರ ಪ್ರಕೃತ ವಸ್ತುವನ್ನು ಆ ಒರೆಗಲ್ಲಿಗೆ ಹಚ್ಚುತ್ತಾನೆ. ಸುಮಾರು 58 ಅಡಿ ಎತ್ತರದ ವಿಗ್ರಹದ ಮುಂದೆ ಕೈಮುಗಿದು ನಿಂತ ಭಕ್ತನಿಗೆ ಈ ತರ್ಕವೇ ಬೇಕಿರಲಿಲ್ಲ. ತನ್ನ ಭಕ್ತಿಗೆ ಕಾರಣ ಕೊಡಬೇಕೆಂಬ ಹಟದಿಂದಲೇ ಬೊಪ್ಪಣನು ವಿಮರ್ಶಕನಾದನು. ಗುಣಗಳನ್ನು ಒಂದರ ಮೇಲೊಂದು ಏರಿಸುತ್ತ ಹೋಗುವ ಈ ಬಗೆಯನ್ನು ಆಲಂಕಾರಿಕರು ಸಾರಾಲಂಕಾರವೆನ್ನುತ್ತಾರೆ. ಅಲಂಕಾರವು ಇಲ್ಲಿ ತೊಡವಾಗಿ ನಿಲ್ಲದೆ ವಿಚಾರದ ಬೆನ್ನೆಲುಬೇ ಆಗಿದೆ. ಹಕ್ಕಿಗಳು ಮರೆತೂ ಆ ಮೂರ್ತಿಯ ತಲೆಯ ಮೇಲೆ ಹಾರವೆಂದು ಅವನು ಮುಂದೆ ಹೇಳುವಾಗ ಮಾತ್ರ ಮತ್ತೆ ಸ್ತುತಿಕಾರನಾಗುತ್ತಾನೆ. ಅತಿಶಯೋಕ್ತಿಗೆ ಅದು ಒಳ್ಳೆಯ ಉದಾಹರಣೆ; ವಿಮರ್ಶೆಗಲ್ಲ.

ಬೊಪ್ಪಣನ ತರುವಾಯ ಹತ್ತು ಹನ್ನೆರಡು ವರ್ಷಗಳೊಳಗೆ, ಮುಂದೆ 1209ರಲ್ಲಿ ಯಶೋಧರಚರಿತೆಯನ್ನು ಬರೆಯಲಿದ್ದ ಜನ್ನನು ಈ ತಾಲ್ಲೂಕಿನ ಒಂದು ಶಾಸನಕ್ಕೆ ಪದ್ಯಗಳನ್ನು ರಚಿಸಿಕೊಟ್ಟನು. ಚನ್ನರಾಯಪಟ್ಟಣದ 179ನೆಯ ಶಾಸನವೆಂದು ಅದು ಪ್ರಸಿದ್ಧವಾಗಿದೆ. ಅವನ ಸಹೋದರಿಯ ಮಗನಾದ ಕೇಶಿರಾಜನು ಶಬ್ದಮಣಿದರ್ಪಣವನ್ನೂ, ಕೇಶಿರಾಜನ ತಂದೆ ಮಲ್ಲಿಕಾರ್ಜುನನು ಪ್ರಾಚೀನ ಕವಿಗಳ ಪದ್ಯಗಳನ್ನು ಆಯ್ದು ಸೂಕ್ತಿಸುಧಾರ್ಣವವನ್ನೂ ರಚಿಸಿದರು. ಆಯುವುದೂ ಒಂದು ವಿಮರ್ಶೆಯೇ. ಯಾವುದನ್ನು ಬಿಟ್ಟರೆಂಬುದರಿಂದ ಅದನ್ನು ಅಳೆಯಬೇಕು.

ಅಲಂಕಾರ, ಛಂದಸ್ಸುಗಳ ಪಾಠಕ್ಕೆ ನಮ್ಮ ಶಾಲಾಕಾಲೇಜುಗಳಲ್ಲಿ ಮುಖವನ್ನು ಚಂದ್ರನಿಗೆ ಹೋಲಿಸುವ ಉದಾಹರಣೆಯೇ ಇಂದಿಗೂ ನಡೆದುಬರುತ್ತಿದೆ. ಹಾಸನ ಸೀಮೆಯ ಕನ್ನಡ ಉಪಾಧ್ಯಾಯರಲ್ಲಿ ನನ್ನದೊಂದು ವಿಜ್ಞಾಪನೆ: ಉಪಮೆಯ ಪಾಠದ ದಿನ ಮಕ್ಕಳನ್ನು ಚಿಕ್ಕಬೆಟ್ಟಕ್ಕೆ ಕರೆದೊಯ್ದು ನಂದಿಸೇನನ ಬಂಡೆಯ ಮುಂದೆ ನಿಲ್ಲಿಸಿ, ವಾಚಕ ಯಾವುದು, ಧರ್ಮ ಯಾವುದು, ಪ್ರಾಸಾಕ್ಷರ ಯಾವುದು ಎಂದು ಕೇಳಿರಿ. ಬೆಟ್ಟ ಹತ್ತಲಾಗದವರು ನರಸಿಂಹಾಚಾರ್ಯರ ಸಂಪುಟವನ್ನಾದರೂ ತೆರೆಯಬಹುದು. ಪಾಠವೆಲ್ಲ ಅದರಲ್ಲಿ ಅಚ್ಚಾಗಿದೆ.